ಮಗಳು ಮೆಟೀರಿಯಲ್ಸ್ ಸೈನ್ಸ್ ಓದ್ತೀನಿ ಅಂತಿದ್ದಾಳೆ, ಸಿಟಿಗೆ ಕಳಿಸ್ಬೇಕಾ?

ಸುಂಟಿಕೊಪ್ಪ_ತೋಟ:
ಎಲ್ರಿಗೂ ನಮಸ್ಕಾರ. ಮಗಳು ಕುಶಾಲನಗರದಲ್ಲಿ ಸೆಕೆಂಡ್ ಪಿಯುಸಿ ಸೈನ್ಸ್. ನೆಂಟರಿಷ್ಟರೆಲ್ಲ ಕಂಪ್ಯೂಟರ್ ಸೈನ್ಸ್ ಅಂದ್ರೆ ಇವ್ಳು ಲೋಹ, ಪ್ಲಾಸ್ಟಿಕ್ ಥರದ ವಸ್ತುಗಳ ಬಗ್ಗೆ ಓದೋ ಮೆಟೀರಿಯಲ್ಸ್ ಸೈನ್ಸೇ ಬೇಕು ಅಂತ ಹಠ ಹಿಡಿದಿದ್ದಾಳೆ. ಮೊದ್ಲಿಂದ್ಲೂ ಅವಳದ್ದು ಇಂಥದ್ದೇ ಪ್ರಶ್ನೆ, ಕಾಫಿ ಕಣಕ್ಕೆ ಹೊದಿಸೋ ಟಾರ್ಪಾಲ್ ಬಿಸಿಲಿಗೆ ಯಾಕೆ ಪುಡಿಪುಡಿ ಆಗುತ್ತೆ, ಮಾಡಿನ ತಗಡು ಶೀಟು ಸ್ಕ್ರೂ ಹೊಡೆದಿರೋ ಕಡೇನೇ ಯಾಕೆ ಮೊದ್ಲು ತುಕ್ಕು ಹಿಡಿಯುತ್ತೆ ಅಂತ. ಇಲ್ಲೇ ಹತ್ರದಲ್ಲಿ ಬಿಎಸ್ಸಿ ಮಾಡಿದ್ರೆ ಸಾಲದಾ, ಹಾಸ್ಟೆಲ್ ಖರ್ಚು ಹಾಕಿ ಸಿಟಿಗೇ ಕಳಿಸ್ಬೇಕಾ? ಓದಿದವ್ರು ಇದ್ರೆ ದಯವಿಟ್ಟು ಹೇಳಿ.

ವಿರಾಜಪೇಟೆ_ಹುಡುಗ:
ಅಣ್ಣ, ನಾನು ಸುರತ್ಕಲ್ ಎನ್‌ಐಟಿಕೆಲಿ ಮೆಟಲರ್ಜಿಕಲ್ ಅಂಡ್ ಮೆಟೀರಿಯಲ್ಸ್ ಓದಿದ್ದು, ಈಗ ಬೆಂಗಳೂರಲ್ಲಿ ಮುರಿದ ಪಾರ್ಟ್‌ಗಳನ್ನ ಪರೀಕ್ಷೆ ಮಾಡೋದೇ ಕೆಲ್ಸ. ಟಾರ್ಪಾಲಲ್ಲಿರೋ ಪಾಲಿಮರ್‌ನ (ಪ್ಲಾಸ್ಟಿಕ್ಕಿನ) ಉದ್ದುದ್ದ ಅಣು ಸರಪಳಿಗಳನ್ನ ಬಿಸಿಲಿನ ಯುವಿ ಕಿರಣ ತುಂಡು ಮಾಡುತ್ತೆ, ಅದಕ್ಕೇ ಪುಡಿಯಾಗೋದು, ಯುವಿ ತಡೆಯೋ ಕಾರ್ಬನ್ ಬ್ಲ್ಯಾಕ್ ಅನ್ನೋ ಮಸಿ ಪುಡಿ ಸೇರಿಸಿರೋ ಕಪ್ಪು ಪ್ಲಾಸ್ಟಿಕ್ ಶೀಟು ಹೆಚ್ಚು ಬಾಳಿಕೆ ಬರೋದೂ ಅದಕ್ಕೇ. ತಗಡು ಶೀಟಿನ ಮೇಲಿನ ಸತುವಿನ ಲೇಪ ತಾನು ಸವೆದು ಕಬ್ಬಿಣ ಉಳಿಸುತ್ತೆ, ಆದ್ರೆ ಸ್ಕ್ರೂ ತೂತಲ್ಲಿ ಲೇಪ ಹರಿದಿರುತ್ತೆ, ವಾಷರ್ ಅಡಿ ನಮ್ಮೂರ ಮಳೆ ನೀರು ಆರೋದೇ ಇಲ್ಲ, ಸತು ಅಲ್ಲೇ ಬೇಗ ಖಾಲಿ.

ಈ ಸಬ್ಜೆಕ್ಟಿನ ರುಚಿ ನಂಗೆ ಹತ್ತಿದ್ದು ಲ್ಯಾಬಲ್ಲಿ. ಮುರಿದ ಪಂಪ್ ಶಾಫ್ಟ್ ಒಂದನ್ನ ಕೊಟ್ಟಿದ್ರು. ಮುರಿದ ಮುಖ ನೋಡಿದ್ರೆ ಕೀ (ಚಕ್ರ ಜಾರದಂತೆ ಹಾಕೋ ಲೋಹದ ತುಂಡು) ಕೂರೋ ತೋಡಿನ ಚೂಪು ಮೂಲೆಯಿಂದ ಶುರುವಾಗಿ ಬಿಲ್ಲಿನ ಥರ ಸಣ್ಣ ಸಣ್ಣ ಗೆರೆ, ಕೊನೇಲಿ ಒರಟಾದ ಒಂದು ಭಾಗ. ಅಂದ್ರೆ ಬಿರುಕು ತಿಂಗಳುಗಟ್ಲೆ ಸದ್ದಿಲ್ಲದೆ ಬೆಳೆದು, ಉಳಿದ ಅಷ್ಟು ಲೋಹ ಒಂದೇ ಏಟಿಗೆ ಹೋಗಿದೆ. ಎಲೆಕ್ಟ್ರಾನ್ ಮೈಕ್ರೋಸ್ಕೋಪಲ್ಲಿ ಅದೇ ಮುಖ ನೋಡಿದಾಗ ಮೈ ಜುಂ ಅಂತು. ಸಿಟಿಗೆ ಹೋಗ್ಬೇಕು ಅನ್ನೋದು ಇದಕ್ಕೇ ಅಣ್ಣ. ಅಂಥ ಮಷಿನ್ ಕೋಟಿಗಳಲ್ಲಿ, ಸಣ್ಣ ಕಾಲೇಜಿಗೆ ಆಗಲ್ಲ. ಬೆಂಗಳೂರಲ್ಲಾದ್ರೆ ವಿಮಾನ ತಯಾರಿಸೋ ಎಚ್‌ಎಎಲ್, ವಿಮಾನ ಸಂಶೋಧನೆ ಮಾಡೋ ಎನ್‌ಎಎಲ್, ಇಸ್ರೋ ಎಲ್ಲ ಒಂದೇ ಊರಲ್ಲಿ. ತೇಜಸ್ ಯುದ್ಧವಿಮಾನದ ಬಾಡಿಯಲ್ಲಿ ತೂಕದ ಲೆಕ್ಕಕ್ಕೆ ಸುಮಾರು 45 ಪರ್ಸೆಂಟ್ ಕಾಂಪೊಸಿಟ್ (ನಾರು, ಅಂಟು ಸೇರಿಸಿ ಮಾಡೋ ಹಗುರ ವಸ್ತು), ಅದರ ಕೆಲ್ಸ ಆಗಿದ್ದೂ ಅಲ್ಲೇ.

ಕೊಣಾಜೆ_ಅಕ್ಕ:
ಸರ್, ಹತ್ರದಲ್ಲಿ ಬಿಎಸ್ಸಿ ಮಾಡಿದ್ರೂ ದಾರಿ ಮುಚ್ಚಲ್ಲ. ನಾನು ಮಡಿಕೇರೀಲಿ ಫಿಸಿಕ್ಸ್ ಕೆಮಿಸ್ಟ್ರಿ ತಗೊಂಡು ಬಿಎಸ್ಸಿ ಮಾಡಿ ಆಮೇಲೆ ಮಂಗಳೂರು ಯೂನಿವರ್ಸಿಟೀಲಿ ಮೆಟೀರಿಯಲ್ಸ್ ಸೈನ್ಸ್ ಎಂಎಸ್ಸಿ ಮಾಡ್ದೆ. ರಿಸರ್ಚ್ ಇಷ್ಟ ಇದ್ರೆ ಜಕ್ಕೂರಿನ ಜೆಎನ್‌ಸಿಎಎಸ್‌ಆರ್ ಅನ್ನೋ ಸಂಶೋಧನಾ ಸಂಸ್ಥೆ ಇದೆ, ವಿಜ್ಞಾನಿ ಸಿಎನ್ಆರ್ ರಾವ್ ಅವ್ರು ಕಟ್ಟಿದ್ದು, ಬಿಎಸ್ಸಿ ಆದವ್ರಿಗೆ ಮಾಸ್ಟರ್ಸೂ ಸೇರಿರೋ ಇಂಟಿಗ್ರೇಟೆಡ್ ಪಿಎಚ್‌ಡಿ. ಪಿಯುಸಿ ಆದ ಕೂಡ್ಲೇ ಅಂದ್ರೆ ಬೆಂಗಳೂರಿನ ಐಐಎಸ್‌ಸಿಯ 4 ವರ್ಷದ ಕೋರ್ಸಲ್ಲಿ ಮೆಟೀರಿಯಲ್ಸ್ ಮೇಜರ್ ಸಿಗುತ್ತೆ.

ಗೋಣಿಕೊಪ್ಪ_77:
ಕೆಲ್ಸದ ವಿಷ್ಯ ಯಾರೂ ಹೇಳ್ಲಿಲ್ಲ. ನನ್ನ ತಮ್ಮಂದೂ ಇದೇ ಬ್ರಾಂಚ್, ಕ್ಯಾಂಪಸಲ್ಲಿ ಕಂಪ್ಯೂಟರ್ ಸೈನ್ಸಿನವ್ರಿಗೆ ಸಿಕ್ಕಷ್ಟು ಸಂಬಳ ಇವನಿಗೆ ಸಿಗ್ಲಿಲ್ಲ, ಕ್ಲಾಸಲ್ಲಿ ಸುಮಾರು ಜನ ಸಾಫ್ಟ್‌ವೇರಿಗೇ ಹೋದ್ರು. ನೋಡ್ಕೊಂಡು ಕಳಿಸಿ.

ವಿರಾಜಪೇಟೆ_ಹುಡುಗ:
@ಗೋಣಿಕೊಪ್ಪ_77 ನೀವು ಹೇಳಿದ್ದು ನಿಜ, ಮೊದ್ಲ ಸಂಬಳ ಕಮ್ಮೀನೇ, ಎಂಟೆಕ್ ಇಲ್ದೆ ಒಳ್ಳೆ ಲ್ಯಾಬಿಗೆ ಸೇರೋದು ಕಷ್ಟ. ಸಂಬಳವೇ ಮುಖ್ಯ ಅಂದ್ರೆ ಈ ಬ್ರಾಂಚ್ ಬೇಡ. ಆದ್ರೆ ತುಕ್ಕು ಯಾಕೆ ಅಂತ ತಾನಾಗೇ ಕೇಳೋ ಮಗು ಅಣ್ಣ, ಆ ಕುತೂಹಲ ಕೋಚಿಂಗ್ ಕೊಟ್ಟು ಬರ್ಸೋಕಾಗಲ್ಲ. ಎನ್‌ಐಟಿಕೆಲಿ ಅರ್ಧ ಸೀಟು ನಮ್ಮ ರಾಜ್ಯದವ್ರಿಗೆ, ಜೆಇಇ ಮೇನ್ ಬರೆಸಿ.

ಸುಂಟಿಕೊಪ್ಪ_ತೋಟ:
ತುಂಬಾ ಥ್ಯಾಂಕ್ಸ್. ಉತ್ತರ ಎಲ್ಲ ಮಗಳಿಗೆ ಓದಿ ಹೇಳ್ದೆ, ಆಗ್ಲೇ ಮುರಿದ ಬೋಲ್ಟು ಹುಡುಕೋಕೆ ಶೆಡ್ಡಿಗೆ ಹೋದ್ಲು. ಐಐಎಸ್‌ಸಿ ಓಪನ್ ಡೇಗೆ ಕರ್ಕೊಂಡ್ ಹೋಗೋಣ ಅಂತಿದ್ದೀನಿ, ಪಿಯುಸಿ ಮಕ್ಳಿಗೆ ಲ್ಯಾಬ್ ಒಳಗೆ ಬಿಡ್ತಾರಾ?

ಕೊಣಾಜೆ_ಅಕ್ಕ:
ಬಿಡ್ತಾರೆ ಸರ್, ಅವತ್ತು ಎಲ್ರಿಗೂ ಫ್ರೀ ಎಂಟ್ರಿ. ತುಂಬಾ ರಶ್ ಇರುತ್ತೆ, ಬೆಳಿಗ್ಗೆ ಬೇಗ ಹೋಗಿ, ಮೆಟೀರಿಯಲ್ಸ್ ಇಂಜಿನಿಯರಿಂಗ್ ಡಿಪಾರ್ಟ್‌ಮೆಂಟನ್ನೇ ಮೊದ್ಲು ನೋಡಿ.