ಎಲೆಕ್ಟ್ರಿಕ್ ಕಾರು ಏಕೆ ಉಳ್ಳವರ ಮನೆಯಲ್ಲೇ ಹೆಚ್ಚು ಕಾಣುತ್ತದೆ?

ಪ್ರಶ್ನೆ:
ಮೈಸೂರಿನ ಬಾಡಿಗೆ ಮನೆಯಲ್ಲಿ ವಾಸವಾಗಿರುವ ನಮ್ಮಿಬ್ಬರ ದುಡಿಮೆ ಸೇರಿ ತಿಂಗಳಿಗೆ ಎಪ್ಪತ್ತು ಸಾವಿರ ರೂಪಾಯಿ ಬರುತ್ತದೆ. ಹಳೆಯ ಪೆಟ್ರೋಲ್ ಕಾರನ್ನು ಕೊಟ್ಟು ಎಲೆಕ್ಟ್ರಿಕ್ ಕಾರು (ಇವಿ) ಕೊಳ್ಳುವ ಯೋಚನೆಯಿದೆ. ಆದರೆ ನನಗೆ ಗೊತ್ತಿರುವಂತೆ ಅದನ್ನು ಕೊಂಡವರೆಲ್ಲ ಸ್ವಂತ ಮನೆಯವರು, ಹಲವರಿಗೆ ಅದು ಎರಡನೆಯ ಕಾರು. ಇಂಧನದ ಖರ್ಚು ಉಳಿಸುವ ವಾಹನವು, ಆ ಉಳಿತಾಯ ನಿಜಕ್ಕೂ ಬೇಕಾದ ಮನೆಗಳಿಗೆ ಏಕೆ ಎಟುಕುತ್ತಿಲ್ಲ? ಬೆಲೆಯೊಂದೇ ಕಾರಣವೇ?

ಮೊದಲ ಉತ್ತರ:
ಬೆಲೆ ಇಳಿಯುತ್ತ ಬಂದಿದೆ. 2020ರಲ್ಲಿ ನೆಕ್ಸಾನ್ ಇವಿ ಸುಮಾರು 14 ಲಕ್ಷಕ್ಕೆ ಬಂದಿದ್ದರೆ, 2022ರಲ್ಲಿ ಟಿಯಾಗೊ ಇವಿ 8.49 ಲಕ್ಷದಿಂದ ಆರಂಭವಾಯಿತು. ಸರ್ಕಾರದ ರಿಯಾಯಿತಿಗಳು ಯಾರ ಕೈ ಸೇರಿದವು ಎಂಬುದನ್ನೂ ನೋಡಬೇಕು. ಇವಿ ಸಾಲಕ್ಕೆ ಕಟ್ಟಿದ ಬಡ್ಡಿಯಲ್ಲಿ 1.5 ಲಕ್ಷದವರೆಗೆ ತೆರಿಗೆಯ ಆದಾಯದಿಂದ ಕಳೆಯಲು ಬಿಡುತ್ತಿದ್ದ ಆದಾಯ ತೆರಿಗೆ ಕಾಯ್ದೆಯ 80ಇಇಬಿ ಸೆಕ್ಷನ್, 2023ರ ಮಾರ್ಚ್‌ವರೆಗೆ ಮಂಜೂರಾದ ಸಾಲಗಳಿಗೆ ಅನ್ವಯಿಸಿತ್ತು. ಆದಾಯ ತೆರಿಗೆ ಕಟ್ಟುವಷ್ಟು ಗಳಿಕೆಯಿಲ್ಲದ ಮನೆಗೆ ಅದರಿಂದ ಒಂದು ರೂಪಾಯಿಯೂ ಉಳಿಯಲಿಲ್ಲ. ರಸ್ತೆ ತೆರಿಗೆಯ ವಿನಾಯಿತಿಯೂ ಹಾಗೆಯೇ: ತೆರಿಗೆ ಕಾರಿನ ಬೆಲೆಯ ಶೇಕಡಾವಾರು ಲೆಕ್ಕದಲ್ಲಿರುವುದರಿಂದ, ಕಾರು ದುಬಾರಿಯಾದಷ್ಟೂ ಲಾಭ ಹೆಚ್ಚು. ಕರ್ನಾಟಕ 2024ರಲ್ಲಿ 25 ಲಕ್ಷ ಮೀರಿದ ಇವಿಗಳಿಗೆ ಶೇ 10ರ ತೆರಿಗೆ ಹಾಕಿದ್ದು ನನ್ನ ಮಟ್ಟಿಗೆ ಸರಿಯಾದ ನಿರ್ಧಾರ.

ಎರಡನೆಯ ಉತ್ತರ:
ನನ್ನ ಅನುಭವದಲ್ಲಿ ದೊಡ್ಡ ತಡೆ ಪ್ಲಗ್. 24 ಕಿಲೋವ್ಯಾಟ್ ಅವರ್ ಬ್ಯಾಟರಿಯ ನನ್ನ ಕಾರನ್ನು ರಾತ್ರಿ ಹತ್ತಕ್ಕೆ 15 ಆಂಪಿಯರ್ ಸಾಕೆಟ್‌ಗೆ ಸಿಕ್ಕಿಸಿದರೆ ಬೆಳಗ್ಗೆ ಏಳರ ಹೊತ್ತಿಗೆ ತುಂಬಿರುತ್ತದೆ. ಆದರೆ ಆ ಸಾಕೆಟ್‌ಗಾಗಿ ಮೂರನೆಯ ಮಹಡಿಯ ನಮ್ಮ ಮೀಟರಿನಿಂದ ನೆಲಮಾಳಿಗೆಯವರೆಗೆ ತಂತಿ ಎಳೆಯಲು ಅಪಾರ್ಟ್‌ಮೆಂಟ್ ಸಂಘದ ಒಪ್ಪಿಗೆ ಸಿಗುವಷ್ಟರಲ್ಲಿ ಐದು ತಿಂಗಳು ಕಳೆದಿದ್ದವು, ಅದೂ ನಾನು ಮನೆಯ ಮಾಲೀಕನಾಗಿದ್ದುದರಿಂದ ಸಾಧ್ಯವಾಯಿತು. ಬಾಡಿಗೆದಾರರು ಹೊರಗಿನ ಫಾಸ್ಟ್ ಚಾರ್ಜರನ್ನೇ ನಂಬಿದರೆ ಯೂನಿಟ್ಟಿಗೆ ಮನೆಯ ದರದ ಎರಡು ಮೂರು ಪಟ್ಟು ತೆರಬೇಕಾಗುತ್ತದೆ.

ನೀವು ಗೃಹಜ್ಯೋತಿಯ ಫಲಾನುಭವಿಗಳಾಗಿದ್ದರೆ ಇನ್ನೊಂದು ಲೆಕ್ಕವನ್ನೂ ಹಾಕಿ. ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿಸಲು ಸುಮಾರು 150 ಯೂನಿಟ್ ಬೇಕು. ಒಟ್ಟು ಬಳಕೆ 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ಲನ್ನು ನೀವೇ ಕಟ್ಟಬೇಕು. ಇವಿ ಚಾರ್ಜಿಂಗ್‌ಗೆ ಪ್ರತ್ಯೇಕ ದರದ ಮೀಟರ್ ಪಡೆಯಬಹುದು, ಆದರೆ ಅದಕ್ಕೂ ಮನೆಯ ಮಾಲೀಕರ ಸಹಕಾರ ಬೇಕು.

ಮೂರನೆಯ ಉತ್ತರ:
ಕಡಿಮೆ ಆದಾಯದವರಿಗೆ ಇವಿಯಲ್ಲಿ ಆಸಕ್ತಿಯಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಫ್ರಾನ್ಸ್ 2024ರ ಆರಂಭದಲ್ಲಿ, ನಿಗದಿತ ಆದಾಯಕ್ಕಿಂತ ಕಡಿಮೆ ಗಳಿಸುವ ಮತ್ತು ಕೆಲಸಕ್ಕಾಗಿ ದೂರ ಓಡಾಡುವ ಜನರಿಗೆ ತಿಂಗಳಿಗೆ ಸುಮಾರು 100 ಯೂರೋಗೆ ಕಾರನ್ನು ಗುತ್ತಿಗೆ ಕೊಟ್ಟಾಗ, ಬೇಡಿಕೆ ಅಂದಾಜನ್ನು ಮೀರಿ ಎರಡು ತಿಂಗಳೊಳಗೆ ಆ ವರ್ಷದ ನೋಂದಣಿಯನ್ನೇ ನಿಲ್ಲಿಸಬೇಕಾಯಿತು.

ಪ್ರಶ್ನೆ ಕೇಳಿದವರು:
ನಮ್ಮ ಮನೆಯ ಬಳಕೆ 110 ಯೂನಿಟ್, ಬಿಲ್ಲು ಸೊನ್ನೆ. ಗೃಹಜ್ಯೋತಿಯ ಲೆಕ್ಕ ನನಗೆ ಹೊಳೆದೇ ಇರಲಿಲ್ಲ. ಶೋರೂಮಿಗೆ ಹೋಗುವ ಮುಂಚೆ, ಗೇಟಿನ ಪಕ್ಕ ಒಂದು ಮೀಟರ್ ಹಾಕಿಸಿಕೊಳ್ಳಲು ಬಿಡುತ್ತಾರೆಯೇ ಎಂದು ಈ ಭಾನುವಾರ ಮನೆಯ ಮಾಲೀಕರನ್ನು ಕೇಳುತ್ತೇನೆ.