ಮರಿಮೀನುಗಳಿಗೆ ಪ್ರತ್ಯೇಕ ಅಕ್ವೇರಿಯಂ: ಗಾತ್ರ, ಫಿಲ್ಟರ್ ಮತ್ತು ಆಹಾರದ ಬಗ್ಗೆ ಸಲಹೆ ಬೇಕು

ಪ್ರಶ್ನೆ

ನಮಸ್ಕಾರ. ನನ್ನ ಬಳಿ ಸುಮಾರು 80 ಲೀಟರ್ ನೀರು ಹಿಡಿಯುವ ಅಕ್ವೇರಿಯಂ ಇದ್ದು, ಅದರಲ್ಲಿ ಗಪ್ಪಿ, ಪ್ಲಾಟಿ ಮತ್ತು ಕೆಲವು ಟೆಟ್ರಾ ಮೀನುಗಳಿವೆ. ಗಪ್ಪಿಗಳು ಮರಿ ಹಾಕುತ್ತಲೇ ಇರುತ್ತವೆ. ಬೆಳಿಗ್ಗೆ ಗಿಡಗಳ ಸಂದಿಯಲ್ಲಿ ಹತ್ತಾರು ಮರಿಗಳು ಕಂಡರೆ ಸಂಜೆಯ ಹೊತ್ತಿಗೆ ಎರಡೋ ಮೂರೋ ಉಳಿದಿರುತ್ತವೆ, ಮರುದಿನ ಅವೂ ಇರುವುದಿಲ್ಲ. ಈಗ ಎರಡು ಹೆಣ್ಣು ಗಪ್ಪಿಗಳ ಹೊಟ್ಟೆ ಉಬ್ಬಿದ್ದು, ಅದರ ಹಿಂಭಾಗದಲ್ಲಿರುವ ಕಪ್ಪು ಮಚ್ಚೆ ದಟ್ಟವಾಗುತ್ತಿದೆ. ಈ ಸಲ ಮರಿಗಳಿಗಾಗಿಯೇ ಬೇರೊಂದು ತೊಟ್ಟಿಯನ್ನು ಸಿದ್ಧಪಡಿಸಬೇಕೆಂದಿದ್ದೇನೆ. ಅದಕ್ಕೆ 20 ಲೀಟರಿನ ತೊಟ್ಟಿ ಸಾಕಾಗುತ್ತದೆಯೇ? ಫಿಲ್ಟರ್ ಹಾಕಿದರೆ ಮರಿಗಳು ಅದರೊಳಗೆ ಸಿಕ್ಕಿಕೊಳ್ಳುವುದಿಲ್ಲವೇ? ತಳಕ್ಕೆ ಜಲ್ಲಿ ಹಾಕಬೇಕೇ, ಅಥವಾ ದೊಡ್ಡ ತೊಟ್ಟಿಯೊಳಗೇ ತೂಗುಹಾಕುವ ಬ್ರೀಡಿಂಗ್ ಬಾಕ್ಸ್ ಇದ್ದರೆ ಇದೆಲ್ಲದರ ಅಗತ್ಯವೇ ಇಲ್ಲವೇ? ಬೇಯಿಸಿದ ಮೊಟ್ಟೆಯ ಹಳದಿಯನ್ನು ಆಹಾರವಾಗಿ ಕೊಡಬಹುದೆಂದು ಕೇಳಿದ್ದೇನೆ. ಅದೂ ಸರಿಯೇ ಎಂದು ತಿಳಿದವರು ಹೇಳಬೇಕು.

ಉತ್ತರ 1

ಗಾತ್ರದ ವಿಚಾರಕ್ಕಿಂತ ಮೊದಲು ನೋಡಬೇಕಾದದ್ದು ಸಮಯ. ಗಪ್ಪಿಯ ಗರ್ಭಾವಧಿ ಸುಮಾರು ನಾಲ್ಕು ವಾರ. ನೀವು ವರ್ಣಿಸಿರುವ ಲಕ್ಷಣಗಳನ್ನು ನೋಡಿದರೆ ನಿಮಗೆ ಅಷ್ಟೂ ಸಮಯ ಉಳಿದಿಲ್ಲ. ಆದರೆ ಹೊಸ ತೊಟ್ಟಿಯೊಂದು ಮೀನುಗಳನ್ನು ತಾಳಿಕೊಳ್ಳುವಂತಾಗಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಗಳು ಬೇಕು. ಮೀನಿನ ವಿಸರ್ಜನೆಯಿಂದಲೂ ಕೊಳೆತ ಆಹಾರದಿಂದಲೂ ಹುಟ್ಟುವ ಅಮೋನಿಯಾವನ್ನು ಒಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟ್ ಆಗಿಯೂ, ಆ ನೈಟ್ರೈಟನ್ನು ಇನ್ನೊಂದು ಬಗೆಯ ಬ್ಯಾಕ್ಟೀರಿಯಾ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಈ ಬ್ಯಾಕ್ಟೀರಿಯಾಗಳು ನೀರಿನಲ್ಲಿ ತೇಲಿಕೊಂಡಿರುವುದಕ್ಕಿಂತ ಹೆಚ್ಚಾಗಿ ಫಿಲ್ಟರಿನ ಸ್ಪಾಂಜು, ಗಾಜು, ಗಿಡಗಳ ಮೇಲ್ಮೈಗೆ ಅಂಟಿಕೊಂಡು ಬೆಳೆಯುವುದರಿಂದ, ಹಳೆಯ ತೊಟ್ಟಿಯ ನೀರನ್ನು ಮಾತ್ರ ತಂದು ಸುರಿದರೆ ಹೆಚ್ಚಿನ ಪ್ರಯೋಜನವಾಗುವುದಿಲ್ಲ. ನೀರು ತಿಳಿಯಾಗಿದೆ ಎಂದ ಮಾತ್ರಕ್ಕೆ ಅದು ಸುರಕ್ಷಿತವೂ ಅಲ್ಲ, ಏಕೆಂದರೆ ಅಮೋನಿಯಾಕ್ಕೆ ಬಣ್ಣವಿಲ್ಲ.

ಆದ್ದರಿಂದ ಏರ್ ಪಂಪಿನಿಂದ ನಡೆಯುವ ಸ್ಪಾಂಜ್ ಫಿಲ್ಟರೊಂದನ್ನು ಇಂದೇ ತಂದು ನಿಮ್ಮ 80 ಲೀಟರಿನ ತೊಟ್ಟಿಯಲ್ಲಿಯೇ ಓಡಿಸಲು ಆರಂಭಿಸಿ. ಮರಿಗಳು ಹುಟ್ಟುವ ಹೊತ್ತಿಗೆ ಆ ಸ್ಪಾಂಜಿನಲ್ಲಿ ಬ್ಯಾಕ್ಟೀರಿಯಾಗಳು ನೆಲೆಯೂರತೊಡಗಿರುತ್ತವೆ. ಜೊತೆಗೆ ಹಳೆಯ ಫಿಲ್ಟರಿನ ಸ್ಪಾಂಜನ್ನು ಅದೇ ತೊಟ್ಟಿಯಿಂದ ತೆಗೆದ ಸ್ವಲ್ಪ ನೀರಿನಲ್ಲಿ ಹಿಂಡಿ, ಆ ಕಂದು ರಾಡಿಯನ್ನು ಹೊಸ ಸ್ಪಾಂಜಿಗೆ ಹೀರಿಸಿದರೆ ಕೆಲಸ ಇನ್ನಷ್ಟು ಬೇಗ ಆಗುತ್ತದೆ. ಸ್ಪಾಂಜ್ ಫಿಲ್ಟರಿನ ಸೆಳೆತ ಬಹಳ ಮೃದುವಾಗಿರುವುದರಿಂದ ಮರಿಗಳು ಅದರೊಳಗೆ ಸಿಕ್ಕಿಕೊಳ್ಳುವ ಭಯವಿಲ್ಲ. ಬದಲಿಗೆ ಅದರ ಮೇಲೆ ಬೆಳೆಯುವ ಸೂಕ್ಷ್ಮಜೀವಿಗಳನ್ನು ಅವು ದಿನವಿಡೀ ಹೆಕ್ಕಿ ತಿನ್ನುತ್ತವೆ. ನಲ್ಲಿಯ ನೀರಿನಲ್ಲಿ ಕ್ಲೋರಿನ್ ಇದ್ದರೆ ಒಂದು ದಿನ ಗಾಳಿಯಾಡಿಸಿ ಹೋಗಲಾಡಿಸಬಹುದು, ಆದರೆ ಕ್ಲೋರಮೈನ್ (ಕ್ಲೋರಿನ್ ಮತ್ತು ಅಮೋನಿಯಾ ಸೇರಿದ ಸೋಂಕುನಿವಾರಕ) ಬಳಸಿದ ನೀರಿಗೆ ಈ ಉಪಾಯ ನಡೆಯುವುದಿಲ್ಲವಾದ್ದರಿಂದ ಡಿಕ್ಲೋರಿನೇಟರ್, ಅಂದರೆ ಕ್ಲೋರಿನ್ ತೆಗೆಯುವ ದ್ರಾವಣ, ಬಳಸುವುದೇ ನಿಶ್ಚಿಂತೆ.

ತಳಕ್ಕೆ ಜಲ್ಲಿ ಬೇಡ. ಬರಿಯ ಗಾಜಿನ ಮೇಲೆ ಉಳಿದ ಆಹಾರವೂ ಹಿಕ್ಕೆಯೂ ಕಣ್ಣಿಗೆ ಬೀಳುತ್ತವೆ ಮತ್ತು ಸುಲಭವಾಗಿ ಹೀರಿ ತೆಗೆಯಬಹುದು. ಒಂದು ಹಿಡಿ ಜಾವಾ ಮಾಸ್ ಎಂಬ ನೀರುಪಾಚಿ, ಮೇಲ್ಭಾಗದಲ್ಲಿ ತೇಲುವ ಹಾರ್ನ್‌ವರ್ಟ್ ಗಿಡ, 25ರಿಂದ 26 ಡಿಗ್ರಿ ಸೆಲ್ಸಿಯಸ್‌ಗೆ ಹೊಂದಿಸಿದ ಸಣ್ಣ ಹೀಟರ್ ಮತ್ತು ಒಂದು ಮುಚ್ಚಳ ಇದ್ದರೆ ಸಾಕು. ಗಾತ್ರ 40 ಲೀಟರ್ ಇರಲಿ. ಎರಡು ಗಪ್ಪಿಗಳು ಸೇರಿ ಐವತ್ತಕ್ಕಿಂತ ಹೆಚ್ಚು ಮರಿ ಹಾಕುವುದು ಅಪರೂಪವೇನಲ್ಲ, ಮತ್ತು ನೀರು ಕಡಿಮೆಯಿದ್ದಷ್ಟೂ ಅದು ಬೇಗ ಕೆಡುತ್ತದೆ.

ಉತ್ತರ 2

ಮೊಟ್ಟೆಯ ಹಳದಿಯನ್ನು ನಾನು ಸಲಹೆ ಮಾಡುವುದಿಲ್ಲ. ಅದರಲ್ಲಿ ಪೋಷಕಾಂಶ ಇದೆ, ನಿಜ. ಆದರೆ ಮರಿಗಳು ತಿನ್ನುವುದು ಅದರ ಅತ್ಯಲ್ಪ ಪಾಲನ್ನು, ಉಳಿದದ್ದೆಲ್ಲ ನೀರನ್ನು ಹಾಲಿನಂತೆ ಕದಡಿ ಕೆಲವೇ ಗಂಟೆಗಳಲ್ಲಿ ಕೊಳೆಯತೊಡಗುತ್ತದೆ. ಗಪ್ಪಿ, ಪ್ಲಾಟಿ, ಮೋಲಿಗಳ ಮರಿಗಳು ಹುಟ್ಟುವಾಗಲೇ ಈಜಬಲ್ಲಷ್ಟು, ಬಾಯಿ ತೆರೆದು ತಿನ್ನಬಲ್ಲಷ್ಟು ಬೆಳೆದಿರುವುದರಿಂದ, ಬೆರಳುಗಳ ನಡುವೆ ಧೂಳಿನಂತೆ ಪುಡಿಮಾಡಿದ ಫ್ಲೇಕ್ ಆಹಾರವನ್ನು ಮೊದಲ ದಿನದಿಂದಲೇ ಕೊಡಬಹುದು.

ಆದರೂ ಮರಿಗಳು ಚೆನ್ನಾಗಿ ಬೆಳೆಯಬೇಕಾದರೆ ಆಗತಾನೇ ಮರಿಯಾದ ಆರ್ಟೀಮಿಯಾಕ್ಕೆ (ಉಪ್ಪುನೀರಿನಲ್ಲಿ ಬದುಕುವ, ಸೀಗಡಿಯನ್ನು ಹೋಲುವ ಪುಟ್ಟ ಜೀವಿ) ಸಮನಾದದ್ದು ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಒಂದು ಲೀಟರ್ ನೀರಿಗೆ 25ರಿಂದ 30 ಗ್ರಾಂ ಉಪ್ಪು ಬೆರೆಸಿ, ತಲೆಕೆಳಗಾಗಿ ನಿಲ್ಲಿಸಿದ ಬಾಟಲಿಯಲ್ಲಿ ಆರ್ಟೀಮಿಯಾ ಮೊಟ್ಟೆಗಳನ್ನು ಹಾಕಿ, ಬೆಳಕಿನ ಕೆಳಗೆ ಬಿಡುವಿಲ್ಲದೆ ಗಾಳಿಗುಳ್ಳೆ ಏಳಿಸುತ್ತಿದ್ದರೆ, 26ರಿಂದ 28 ಡಿಗ್ರಿಯಲ್ಲಿ 24ರಿಂದ 36 ಗಂಟೆಗಳೊಳಗೆ ಅವು ಒಡೆದು ಮರಿಗಳು ಹೊರಬರುತ್ತವೆ. ಆಗ ಗಾಳಿ ನಿಲ್ಲಿಸಿ ಹತ್ತು ನಿಮಿಷ ಬಿಟ್ಟರೆ ಖಾಲಿ ಚಿಪ್ಪುಗಳು ಮೇಲೆ ತೇಲುತ್ತವೆ, ಒಡೆಯದ ಮೊಟ್ಟೆಗಳು ತಳ ಸೇರುತ್ತವೆ, ಕಿತ್ತಳೆ ಬಣ್ಣದ ಜೀವಂತ ಮರಿಗಳು ಬೆಳಕಿದ್ದ ಕಡೆಗೆ ಬಂದು ಗುಂಪುಗೂಡುತ್ತವೆ. ಅವುಗಳನ್ನಷ್ಟೇ ಸಣ್ಣ ಕೊಳವೆಯಿಂದ ಸೆಳೆದು, ದಟ್ಟ ನೇಯ್ಗೆಯ ಬಟ್ಟೆಯಲ್ಲಿ ಸೋಸಿ, ಸಿಹಿನೀರಿನಲ್ಲಿ ತೊಳೆದು ಹಾಕಬೇಕು. ಚಿಪ್ಪುಗಳು ಮರಿಮೀನುಗಳಿಗೆ ಜೀರ್ಣವಾಗುವುದಿಲ್ಲವಾದ್ದರಿಂದ ಬೇರ್ಪಡಿಸುವ ಈ ಕೆಲಸದಲ್ಲಿ ಅವಸರ ಮಾಡಬಾರದು.

ಎಷ್ಟು ಹಾಕಬೇಕೆಂಬುದಕ್ಕೆ ಅಳತೆಚಮಚ ಬೇಕಿಲ್ಲ. ಮರಿಮೀನಿನ ಮೈ ಪಾರದರ್ಶಕವಾಗಿರುವುದರಿಂದ ತಿಂದ ಕೆಲವೇ ನಿಮಿಷಗಳಲ್ಲಿ ಹೊಟ್ಟೆ ಕಿತ್ತಳೆ ಬಣ್ಣದ ಚುಕ್ಕೆಯಾಗಿ ಹೊರಗೆ ಕಾಣುತ್ತದೆ. ಎಲ್ಲ ಮರಿಗಳಲ್ಲೂ ಆ ಚುಕ್ಕೆ ಕಂಡ ಮೇಲೆ ಹಾಕುವ ಪ್ರತಿಯೊಂದು ಹನಿಯೂ ವ್ಯರ್ಥವೇ. ದಿನಕ್ಕೆ ಮೂರರಿಂದ ಐದು ಬಾರಿ, ಪ್ರತಿಸಲವೂ ಸ್ವಲ್ಪವೇ ಕೊಡಿ. ಆರ್ಟೀಮಿಯಾ ಸಿಹಿನೀರಿನಲ್ಲಿ ಕೆಲವು ಗಂಟೆಗಳಷ್ಟೇ ಬದುಕಿರುತ್ತದೆ, ಸತ್ತ ಮೇಲೆ ಅದೂ ಕೊಳೆಯುವ ವಸ್ತುವೇ.

ಉತ್ತರ 3

ಮೇಲಿನ ಇಬ್ಬರೂ ಹೇಳಿರುವುದು ಬಹುಮಟ್ಟಿಗೆ ಸರಿ, ಆದರೆ 40 ಲೀಟರಿನ ಬಗ್ಗೆ ಒಂದು ತಿದ್ದುಪಡಿ ಅಗತ್ಯ. ಹುಟ್ಟಿದ ಮೊದಲ ವಾರದಲ್ಲಿ ಇಪ್ಪತ್ತು ಮರಿಗಳನ್ನು ತುಂಬಿದ ತೊಟ್ಟಿಗೆ ಬಿಟ್ಟರೆ ಆಹಾರ ಒಂದು ಕಡೆ, ಮರಿಗಳು ಇನ್ನೊಂದು ಕಡೆ ಆಗುತ್ತವೆ. ತೊಟ್ಟಿ ದೊಡ್ಡದೇ ಇರಲಿ, ನೀರನ್ನು ಮಾತ್ರ ಆರಂಭದಲ್ಲಿ ಅರ್ಧದಷ್ಟೇ ತುಂಬಿ, ಮರಿಗಳು ಬೆಳೆದಂತೆ ಮಟ್ಟವನ್ನು ಏರಿಸುತ್ತಾ ಹೋಗುವುದು ಉತ್ತಮ. ಹಾಗೆ ಮಾಡುವಾಗ ಹೀಟರ್ ಪೂರ್ಣವಾಗಿ ಮುಳುಗಿದೆಯೇ ಎಂಬುದನ್ನು ತಪ್ಪದೆ ನೋಡಿಕೊಳ್ಳಿ; ಅರ್ಧ ನೀರಿನಲ್ಲಿ ಅದನ್ನು ಅಡ್ಡಲಾಗಿ ಕೂರಿಸಬೇಕಾಗಬಹುದು.

ಬ್ರೀಡಿಂಗ್ ಬಾಕ್ಸಿನ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ಗರ್ಭಿಣಿ ಮೀನನ್ನು ಆ ಇಕ್ಕಟ್ಟಿನಲ್ಲಿ ದಿನಗಟ್ಟಲೆ ಕೂಡಿಹಾಕುವುದು ಅದಕ್ಕೆ ತೀವ್ರ ಒತ್ತಡವನ್ನುಂಟುಮಾಡುತ್ತದೆ, ಅಂಥ ಒತ್ತಡದಲ್ಲಿ ಅದು ಅವಧಿಗೆ ಮುನ್ನವೇ ಮರಿ ಹಾಕುವುದೂ ಉಂಟು. ಅದರ ಬದಲು ತಾಯಿಮೀನನ್ನೇ ಗಿಡಗಳಿಂದ ದಟ್ಟವಾದ ಮರಿತೊಟ್ಟಿಗೆ ಬಿಟ್ಟು, ಮರಿ ಹಾಕಿದ ಕೂಡಲೇ ಹಳೆಯ ತೊಟ್ಟಿಗೆ ಮರಳಿಸಿ. ಹೆಣ್ಣು ಗಪ್ಪಿಯು ಗಂಡಿನ ವೀರ್ಯವನ್ನು ತಿಂಗಳುಗಟ್ಟಲೆ ಮೈಯಲ್ಲಿ ಉಳಿಸಿಕೊಳ್ಳಬಲ್ಲದಾದ್ದರಿಂದ ಒಂದೇ ಕೂಡುವಿಕೆಯಿಂದ ಹಲವು ಸಲ ಮರಿ ಹಾಕುತ್ತದೆ. ಈ ಸಲ ಕೆಲವು ಮರಿಗಳು ಕೈತಪ್ಪಿದರೂ ಮುಂದಿನ ತಿಂಗಳು ಮತ್ತೆ ಅವಕಾಶ ಇದ್ದೇ ಇರುತ್ತದೆ.

ಮುಂದೆ ಬೆಟ್ಟಾ ಅಥವಾ ಗೌರಾಮಿಯಂತಹ ಮೊಟ್ಟೆಯಿಡುವ ಮೀನುಗಳನ್ನು ಮರಿಮಾಡುವ ಮನಸ್ಸಾದರೆ ಲೆಕ್ಕವೇ ಬೇರೆ. ಆ ಮರಿಗಳ ಬಾಯಿ ಆರ್ಟೀಮಿಯಾಕ್ಕೂ ಚಿಕ್ಕದಾಗಿರುವುದರಿಂದ ಮೊದಲ ದಿನಗಳಲ್ಲಿ ಪ್ಯಾರಮೀಸಿಯಂನಂತಹ ಏಕಕೋಶ ಜೀವಿಗಳನ್ನು ಮುಂಚೆಯೇ ಬೆಳೆಸಿಟ್ಟುಕೊಂಡಿರಬೇಕಾಗುತ್ತದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ನಿಮ್ಮ ಸಲಹೆಯಂತೆಯೇ ಮಾಡಿದೆ, ಮರಿಗಳು ಮೂರನೆಯ ವಾರ ತಲುಪಿವೆ. ಆದರೆ ಈಗ ಗಾಜಿನ ಮೇಲೆ ಅರ್ಧ ಸೆಂಟಿಮೀಟರ್ ಉದ್ದದ, ತುದಿಯಲ್ಲಿ ಎಳೆಗಳಂತೆ ಕವಲೊಡೆದ ಬಿಳಿ ಜೀವಿಗಳು ಅಂಟಿಕೊಂಡಿವೆ. ಜೊತೆಗೆ ಟೆಸ್ಟ್ ಕಿಟ್ಟಿನಲ್ಲಿ ಅಮೋನಿಯಾ ಲೀಟರಿಗೆ 0.25 ಮಿಲಿಗ್ರಾಂ ಎಂದು ತೋರಿಸುತ್ತಿದೆ. ಮರಿಗಳಿರುವಾಗ ನೀರು ಬದಲಿಸುವುದು ಹೇಗೆ?

ಉತ್ತರ 1 ಬರೆದವರು

ನೀವು ವರ್ಣಿಸಿರುವುದು ಹೈಡ್ರಾ ಎಂಬ, ಸಿಹಿನೀರಿನಲ್ಲಿ ಅಂಟಿಕೊಂಡು ಬದುಕುವ ಪುಟ್ಟ ಬೇಟೆಜೀವಿ ಇರಬೇಕು. ಕಡ್ಡಿಯಿಂದ ಮುಟ್ಟಿದರೆ ಅದು ತಕ್ಷಣ ಮುದುಡಿ ಲೋಳೆಯ ಚುಕ್ಕೆಯಂತಾಗುತ್ತದೆ. ಚಪ್ಪಟೆಯಾಗಿ ಗಾಜಿನ ಮೇಲೆ ಜಾರುತ್ತಾ ಹೋದರೆ ಅದು ಹೈಡ್ರಾ ಅಲ್ಲ, ಪ್ಲಾನೇರಿಯಾ ಎಂಬ ಚಪ್ಪಟೆ ಹುಳು. ಮೂರು ವಾರದ ಗಪ್ಪಿ ಮರಿಗಳನ್ನು ಹಿಡಿಯುವ ಶಕ್ತಿ ಹೈಡ್ರಾಕ್ಕೆ ಇಲ್ಲ, ಆದರೆ ನೀವು ಹಾಕಿದ ಆರ್ಟೀಮಿಯಾವನ್ನು ಅದು ಧಾರಾಳವಾಗಿ ತಿಂದು ಕೊಬ್ಬುತ್ತಿದೆ. ಅದು ಗಿಡಗಳೊಂದಿಗೆ ಬಂದಿರಬಹುದು. ಹೆಚ್ಚಿದ್ದು ಮಾತ್ರ ಹೆಚ್ಚುವರಿ ಆಹಾರದಿಂದ. ಅಮೋನಿಯಾ ಕಾಣಿಸಿಕೊಂಡಿರುವುದಕ್ಕೂ ಬಹುಶಃ ಅದೇ ಕಾರಣ. ಹೈಡ್ರಾವನ್ನು ಗಾಜಿನ ಮೇಲೆ ಉಜ್ಜಿ ಹಾಕಬೇಡಿ, ತುಂಡಾದ ಭಾಗಗಳು ಮತ್ತೆ ಪೂರ್ಣ ಜೀವಿಗಳಾಗಿ ಬೆಳೆಯುತ್ತವೆ. ಕೊಳವೆಯ ತುದಿಯಿಂದ ಕೆರೆಯುತ್ತಲೇ ಹೀರಿ ಹೊರಹಾಕಿ.

ಆ ಕೊಳವೆ ಏರ್ ಪಂಪಿನ ತೆಳು ಟ್ಯೂಬೇ ಆಗಿರಲಿ. ನೀರನ್ನು ನೇರವಾಗಿ ಚರಂಡಿಗೆ ಬಿಡದೆ ಬಿಳಿಯ ಬಕೆಟ್ಟಿಗೆ ಇಳಿಸಿದರೆ, ಕಣ್ತಪ್ಪಿ ಬಂದ ಮರಿಗಳು ಅದರ ತಳದ ಮೇಲೆ ಸ್ಪಷ್ಟವಾಗಿ ಕಾಣುತ್ತವೆ, ಲೋಟದಲ್ಲಿ ಎತ್ತಿ ಮರಳಿಸಬಹುದು. ಪ್ರತಿದಿನ ತಳವನ್ನು ಹೀರುತ್ತಾ ಶೇಕಡಾ 15ರಿಂದ 20ರಷ್ಟು ನೀರನ್ನು ಬದಲಿಸಿ, ಅದೇ ಉಷ್ಣತೆಯ, ಕ್ಲೋರಿನ್ ತೆಗೆದ ನೀರನ್ನು ಏರ್ ಟ್ಯೂಬಿನ ಮೂಲಕವೇ ನಿಧಾನವಾಗಿ ಇಳಿಬಿಡಿ. 0.25 ಎಂಬುದು ಚಿಕ್ಕ ಸಂಖ್ಯೆಯಂತೆ ಕಾಣುತ್ತದೆ, ಆದರೆ ಗಪ್ಪಿಗಳಿಗೆ ಹಿತವಾದ ಗಡಸು ನೀರಿನ ಪಿಎಚ್ ಸಾಮಾನ್ಯವಾಗಿ 7ಕ್ಕಿಂತ ಮೇಲೆಯೇ ಇರುತ್ತದೆ; ಪಿಎಚ್ 7ರಿಂದ 8ಕ್ಕೆ ಏರಿದರೆ ಅಮೋನಿಯಾದ ವಿಷಕಾರಿ ರೂಪದ ಪಾಲು ಸುಮಾರು ಹತ್ತು ಪಟ್ಟಾಗುತ್ತದೆ. ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಸೊನ್ನೆಗೆ ಬರುವವರೆಗೆ ಆಹಾರವನ್ನು ಅರ್ಧಕ್ಕೆ ಇಳಿಸಿ, ಸ್ಪಾಂಜನ್ನು ಮಾತ್ರ ನಲ್ಲಿಯ ನೀರಿನಲ್ಲಿ ತೊಳೆಯಬೇಡಿ.

ಇನ್ನೊಂದೆರಡು ವಾರಗಳಲ್ಲಿ ಗಂಡುಮರಿಗಳ ಕೆಳಭಾಗದ ಹಿಂದಿನ ರೆಕ್ಕೆ ಕಡ್ಡಿಯಂತೆ ಕಿರಿದಾಗತೊಡಗುತ್ತದೆ. ಅದು ಕಂಡ ಕೂಡಲೇ ಗಂಡು ಹೆಣ್ಣುಗಳನ್ನು ಬೇರ್ಪಡಿಸದಿದ್ದರೆ ಈ ಮರಿಗಳೇ ಮರಿ ಹಾಕಲು ಆರಂಭಿಸುತ್ತವೆ. ದೊಡ್ಡ ಮೀನುಗಳ ಬಾಯಿಗೆ ಹಿಡಿಸದಷ್ಟು ಬೆಳೆದವುಗಳನ್ನು ಹಳೆಯ ತೊಟ್ಟಿಗೆ ಬಿಡಬಹುದು, ಮಿಕ್ಕವುಗಳನ್ನು ಸಾಕುವವರಿಗೆ ಕೊಡಬಹುದು. ಕೆರೆ ಹಳ್ಳಗಳಿಗೆ ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ. ಗಪ್ಪಿಗಳು ಅಲ್ಲಿಯ ಸ್ಥಳೀಯ ಮೀನುಗಳ ಆಹಾರಕ್ಕೂ ನೆಲೆಗೂ ಪೈಪೋಟಿ ಒಡ್ಡುತ್ತವೆ, ಒಮ್ಮೆ ನೆಲೆಸಿದರೆ ಅವುಗಳನ್ನು ತೆಗೆಯುವುದು ಬಹಳ ಕಷ್ಟ.