4ನೇ ಕ್ರಾಸ್ ತಗ್ಗಿನ ನೀರು: ಬಾಕ್ಸ್ ಚರಂಡಿ ಮನವಿಗೆ ಸಹಿ ಹಾಕೋ ಮುಂಚೆ

ಅಡ್ಮಿನ್, 2ನೇ ಕ್ರಾಸ್:
ಎಲ್ಲರಿಗೂ ನಮಸ್ಕಾರ. 4ನೇ ಕ್ರಾಸ್ ತಗ್ಗಿನಲ್ಲಿ ಮಳೆ ನೀರು ನಿಲ್ಲುತ್ತೆ, ಅದನ್ನ ಸಾಗಿಸೋಕೆ ಕಾಂಕ್ರೀಟ್ ಬಾಕ್ಸ್ ಚರಂಡಿ ಬೇಕು ಅಂತ ಮನವಿ ಬರೆದಾಗಿದೆ. ಸೋಮವಾರ ಕೊಡ್ತೀವಿ. ಭಾನುವಾರ ಬೆಳಗ್ಗೆ ಪಾರ್ಕ್ ಹತ್ರ ಬಂದು ಸಹಿ ಹಾಕಿ. ಭರಣಿ ಮಳೆಗೆ ಮುಂಚೆ ಕೆಲಸ ಶುರು ಆಗ್ಬೇಕು.

ಮನೆ 31:
ಸಾರ್, ಸಹಿಗೆ ಮುಂಚೆ ಒಂದು ಲೆಕ್ಕ ನೋಡಿ. ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಬಿದ್ರೆ ಒಂದು ಲೀಟರ್. ತಗ್ಗಿಗೆ ಇಳಿಯೋದು 48 ಮನೆ ನೀರು. ತಾರಸಿ ಸರಾಸರಿ 1000 ಚದರಡಿ, ಅಂದ್ರೆ 93 ಚ.ಮೀ. ಗಂಟೆಗೆ 40 ಮಿ.ಮೀ. ಹೊಡೆದ್ರೆ, ನೆನೆದು ಹೋಗೋದು ಕಳೆದು 85 ಪರ್ಸೆಂಟ್ ಹಿಡಿದ್ರೂ ತಾರಸಿಯಿಂದಲೇ ಸುಮಾರು ಒಂದೂವರೆ ಲಕ್ಷ ಲೀಟರ್. 30 ಅಡಿ ಅಗಲದ ರಸ್ತೆ 900 ಅಡಿ ಇದೆ, ಅದರಿಂದ ಇನ್ನೊಂದು 85 ಸಾವಿರ. ಮೂರರಲ್ಲಿ ಎರಡು ಪಾಲು ನಮ್ಮ ತಾರಸಿ ಪೈಪಿಂದ ಬರ್ತಿರೋ ನೀರು. ಬಾಕ್ಸ್ ಚರಂಡಿ ಅದನ್ನ ಕಮ್ಮಿ ಮಾಡಲ್ಲ, ಇನ್ನೂ ಜೋರಾಗಿ ಕೆಳಗಿನ ಬಡಾವಣೆಗೆ ತಳ್ಳುತ್ತೆ. ಮುಂದಿನ ವರ್ಷ ಅವರು ಮನವಿ ಬರೀತಾರೆ. ಆದಷ್ಟು ನೀರನ್ನ ಇಲ್ಲೇ ನೆಲಕ್ಕೆ ಇಂಗಿಸೋಣ.

ಮೂಲೆ ಮನೆ, 4ನೇ ಕ್ರಾಸ್:
ಲೆಕ್ಕ ಸರಿ ಅಣ್ಣ, ಆದ್ರೆ ನೀರು ನುಗ್ಗೋದು ನಮ್ಮ ಗೇಟಿಗೆ. ಇಂಗಿಸೋ ಮಾತು ಬೆಂಗಳೂರಲ್ಲಿ ಕಾನೂನು ಇದ್ದೂ ಎಷ್ಟು ನಡೆದಿದೆ?

ಮನೆ 31:
ಅಲ್ಲಿನದು ಮಳೆನೀರು ಕೊಯ್ಲು ಕಡ್ಡಾಯ ಮಾಡಿದ 2009ರ ಜಲಮಂಡಳಿ ನಿಯಮ, ನಮಗೆ ಅನ್ವಯಿಸಲ್ಲ. ಅಲ್ಲಿ ಕೆಟ್ಟಿದ್ದಕ್ಕೆ ಒಂದು ಕಾರಣ: ಡ್ರಮ್ಮು, ಫಿಲ್ಟರ್ ತೋರಿಸಿ ನೀರಿನ ಕನೆಕ್ಷನ್ ತಗೊಂಡು ಆಮೇಲೆ ಮುಟ್ಟದೇ ಇದ್ದವರೂ ಇದ್ದಾರೆ. ನಿಮ್ಮ ಗೇಟಿನ ಸಮಸ್ಯೆಗೆ ಮೊದಲ ಮದ್ದು ಬೇರೆ ಇದೆ. ಚರಂಡಿ ರಸ್ತೆ ಕೆಳಗೆ ಹೋಗೋ ಮೋರಿ ಬಾಯಿಗಿಂತ ಮೂರು ಅಡಿ ಹಿಂದೆ ಕುಡಿಯೋ ನೀರಿನ ಪೈಪು ಚರಂಡಿಯನ್ನ ಅಡ್ಡ ದಾಟುತ್ತೆ, ಸರಿಯಾಗಿ ನಡು ಎತ್ತರದಲ್ಲಿ. ಹಾಲಿನ ಕವರ್, ತೆಂಗಿನ ಗರಿ, ಎಳನೀರು ಬುರುಡೆ ಎಲ್ಲ ಅದಕ್ಕೆ ಸಿಕ್ಕಿ ಗೂಡು ಕಟ್ಟುತ್ತೆ. ಚರಂಡಿ ಒಂದೂವರೆ ಅಡಿ ಅಂತ ಪುಸ್ತಕದಲ್ಲಿದೆ, ನೀರಿಗೆ ಸಿಗೋದು ಮುಕ್ಕಾಲು ಅಡಿ.

ಮನೆ 7:
ಆ ಪೈಪಿನ ಜಾಯಿಂಟ್ ಸೋರ್ತಾ ಇದ್ರೆ ಇನ್ನೂ ಕಷ್ಟ. ಹೇಮಾವತಿ ನೀರು ಬಿಡದ ಹೊತ್ತಲ್ಲಿ ಪೈಪಲ್ಲಿ ಒತ್ತಡ ಇರಲ್ಲ, ಚರಂಡಿ ನೀರು ಒಳಗೆ ಹೀರಿಕೊಳ್ಳುತ್ತೆ. ಮನವಿಯಲ್ಲಿ ಮೊದಲ ಸಾಲಿಗೆ ಅದನ್ನೇ ಹಾಕಿ. ಆರೋಗ್ಯದ ವಿಷಯ ಅಂದ್ರೆ ಫೈಲು ಬೇಗ ಕದಲುತ್ತೆ.

ಅಡ್ಮಿನ್, 2ನೇ ಕ್ರಾಸ್:
ಸರಿ ಮೇಡಂ. ಪೈಪನ್ನ ಚರಂಡಿ ಮೇಲಕ್ಕೆ ಎತ್ತಿ ಕೇಸಿಂಗ್ (ಕಾಪಾಡೋ ಹೊರ ಪೈಪು) ಹಾಕಿ ಅಂತ ಬರೀತೀನಿ. ಕಸ ತಡೆಯೋಕೆ?

ಮನೆ 31:
ನೀರು ಬರೋ ಕಡೆ, ಮೋರಿಗೆ ಹತ್ತು ಅಡಿ ಮುಂಚೆ ಕಬ್ಬಿಣದ ಜಾಲರಿ. ಕಂಬಿ ಮಧ್ಯೆ ಎರಡು ಇಂಚು, ನೆಟ್ಟಗೆ ಬೇಡ, 45 ಡಿಗ್ರಿ ವಾಲಿಸಿ. ನೆಟ್ಟಗಿದ್ರೆ ಕಸ ಅಂಟಿ ಅದೇ ಅಣೆಕಟ್ಟಾಗುತ್ತೆ. ವಾಲಿಸಿದ್ರೆ ಕಸ ಮೇಲಕ್ಕೆ ಹತ್ತುತ್ತೆ, ಕೊಕ್ಕೆಯಲ್ಲಿ ಎಳೀಬಹುದು. ಮಳೆಗಾಲದಲ್ಲಿ ವಾರಕ್ಕೆ ಎರಡು ಸಲ ತೆಗೀಬೇಕು. ತೆಗೆಯೋರು ಯಾರು ಅಂತ ತೀರ್ಮಾನ ಆಗದೆ ಜಾಲರಿ ಹಾಕಿಸ್ಬೇಡಿ.

ಮನೆ 12:
ಪಾರ್ಕ್ ವಿಷಯ ಯಾರೂ ಎತ್ತಿಲ್ಲ. ಇಡೀ ಇಳಿಜಾರಿನ ತಗ್ಗು ಪಾರ್ಕಿನ ಮೂಲೆ. ಸುತ್ತ ಕಾಂಪೌಂಡ್ ಕಟ್ಟಿ ನೀರಿಗೆ ಪ್ರವೇಶ ನಿಷಿದ್ಧ ಮಾಡಿದ್ದೀವಿ!

ಮನೆ 31:
ಅದೇ ನನ್ನ ಪ್ಲಾನ್ ಸಾರ್. ಗೋಡೆ ಬುಡದಲ್ಲಿ ಮೂರು ಕಡೆ ಒಂದೂವರೆ ಅಡಿ ಅಗಲ ಕಿಂಡಿ, ರಸ್ತೆಗಿಂತ ಒಂದು ಇಂಚು ತಗ್ಗಲ್ಲಿ. ಒಳಗೆ ಪ್ರತಿ ಕಿಂಡಿಗೂ 4×4 ಅಡಿ ಸೈಜುಗಲ್ಲು ಹಾಸು. ನೀರಿನ ರಭಸ ಅಲ್ಲಿ ಸಾಯುತ್ತೆ, ಮರಳು ಅಲ್ಲೇ ಕೂರುತ್ತೆ. ಆಮೇಲೆ 60×30 ಅಡಿ ತಗ್ಗು, ನೀರು ಒಂದಡಿ ನಿಲ್ಲೋ ಹಾಗೆ. ಸುಮಾರು 50 ಸಾವಿರ ಲೀಟರ್ ಹಿಡಿಯುತ್ತೆ. ಒಂದಡಿ ಮೀರಿದ್ದು ಎತ್ತರಿಸಿದ ಪೈಪಲ್ಲಿ ವಾಪಸ್ ಚರಂಡಿಗೆ. ಈ ಪೈಪ್ ಮರೆತ್ರೆ ವಾಕಿಂಗ್ ಟ್ರ್ಯಾಕ್ ಕೊಚ್ಚಿಹೋಗುತ್ತೆ.

ಮೂಲೆ ಮನೆ, 4ನೇ ಕ್ರಾಸ್:
ಸೊಳ್ಳೆ?

ಮನೆ 7:
ಡೆಂಗಿ ಸೊಳ್ಳೆ ಮೊಟ್ಟೆಯಿಂದ ಹಾರೋಕೆ ವಾರ, ಹತ್ತು ದಿನ ಬೇಕಕ್ಕ. ಎರಡು ದಿನದೊಳಗೆ ನೀರು ಇಂಗಿದ್ರೆ ಭಯ ಇಲ್ಲ. ಇಂಗುತ್ತಾ ಅಂತ ಮೊದಲೇ ಪರೀಕ್ಷೆ ಮಾಡ್ಬೇಕು. ಒಂದಡಿ ಅಗಲ, ಒಂದೂವರೆ ಅಡಿ ಆಳ ಗುಂಡಿ ತೆಗೆದು ನೀರು ತುಂಬಿ, ಪೂರ್ತಿ ಇಂಗೋಕೆ ಬಿಡಿ. ಒಣ ಮಣ್ಣು ಗಟಗಟ ಕುಡಿಯೋದ್ರಿಂದ ಆ ಮೊದಲ ಸಲದ ಲೆಕ್ಕ ನಂಬಬೇಡಿ. ಎರಡನೇ ಸಲ ತುಂಬಿ ಸ್ಕೇಲ್ ನಿಲ್ಲಿಸಿ ಒಂದು ಗಂಟೆ ನೋಡಿ. 25 ಮಿ.ಮೀ. ಇಳಿದ್ರೆ ಒಂದಡಿ ನೀರು 12 ಗಂಟೆಯಲ್ಲಿ ಖಾಲಿ. 6 ಮಿ.ಮೀ.ಗಿಂತ ಕಮ್ಮಿ ಇದ್ರೆ ಆ ಜಾಗ ಬಿಟ್ಟುಬಿಡಿ. ನಮ್ಮದು ಕೆಂಪು ಮಣ್ಣು, ಇಂಗಬೇಕು. ತಗ್ಗಿನೊಳಗೆ ಲಾವಂಚ, ಕಾಬಾಳೆ, ಬಜೆ. ಮೂರೂ ನೆನೆದ್ರೂ ತಡೀತವೆ. ದಂಡೆ ಮೇಲೆ ಹೊಳೆದಾಸವಾಳ ನೆಡಬಹುದು. ಕಾರ್ಪೆಟ್ ಹುಲ್ಲು ಹಾಸಿಸಿದ್ರೆ ಪದೇ ಪದೇ ನೀರು ನಿಂತು ಕೊಳೀಬಹುದು.

ಮನೆ 12:
ತಾರಸಿ ನೀರಿಗೆ?

ಮನೆ 31:
ಇಂಗುಬಾವಿ. 3 ಅಡಿ ವ್ಯಾಸದ ಸಿಮೆಂಟ್ ರಿಂಗು, ಒಂದೊಂದು ಅಡಿ ಎತ್ತರದವು ಹತ್ತು. ತಳಕ್ಕೆ ಕಾಂಕ್ರೀಟ್ ಹಾಕಬೇಡಿ. ತೂತಿರೋ ರಿಂಗೇ ಕೇಳಿ ತಗೊಳ್ಳಿ. ಹೊರಗಿನ ಸಂದಿಗೆ 20 ಮಿ.ಮೀ. ಜಲ್ಲಿ. ಒಂದರಲ್ಲಿ 2000 ಲೀಟರ್. ಬಾವಿ ತುಂಬಾ ಜಲ್ಲಿ ಸುರಿಸೋ ಮೇಸ್ತ್ರಿ ಇದ್ದಾರೆ, ಬಿಡಬೇಡಿ: ನೀರಿಗಿರೋ ಜಾಗದಲ್ಲಿ ಅರ್ಧಕ್ಕಿಂತ ಹೆಚ್ಚು ಕಲ್ಲೇ ತಿನ್ನುತ್ತೆ, ಕೆಸರು ಕೂತ್ರೆ ತೆಗೆಯೋಕೂ ಆಗಲ್ಲ. ಮನೆ ಪಾಯದಿಂದ ಕನಿಷ್ಠ 5 ಅಡಿ ದೂರ, ಗೇಟ್ ಬದಿಯೇ ಸರಿ. ಶೌಚದ ಪಿಟ್ ಇರೋ ಮನೆಯವರು ಮಾಡಿಸ್ಬೇಡಿ. ಬಾವಿಗೆ ಮುಂಚೆ 2×2×2 ಅಡಿ ತೊಟ್ಟಿ, ಅದರಲ್ಲಿ ಎಲೆ, ಮಣ್ಣು ತಂಗುತ್ತೆ. ಬೇಸಿಗೆ ಕಳೆದ ಮೊದಲ ಮಳೆ ಧೂಳು, ಪಾರಿವಾಳದ ಹಿಕ್ಕೆ ತರುತ್ತೆ; ಅದನ್ನ ವಾಲ್ವ್ ತಿರುಗಿಸಿ ಹೊರಗೆ ಬಿಡಿ.

ಕೆಡೋದು ಮೂರು ಕಡೆ. ವಾಷಿಂಗ್ ಮಷೀನ್ ನೀರನ್ನ ಪ್ಲಂಬರ್ ಸುಮ್ನೆ ಮಳೆ ಪೈಪಿಗೆ ಸೇರಿಸಿರ್ತಾನೆ, ಮೊದಲು ಅದನ್ನ ಬಿಡಿಸಿ. ಪಕ್ಕದಲ್ಲಿ ಮನೆ ಕಟ್ತಿದ್ರೆ ಸಿಮೆಂಟ್ ಹಾಲು, ಎಂ-ಸ್ಯಾಂಡ್ ಪುಡಿ ಬಂದು ಬಾವಿ ತಳ ಗಾರೆ ಬಳಿದ ಹಾಗೆ ಮುಚ್ಚುತ್ತೆ. ಮೂರನೇದು ಬೋರ್‌ವೆಲ್: ರಸ್ತೆ ನೀರನ್ನ ನೇರವಾಗಿ ಬೋರಿನ ಕೇಸಿಂಗ್ ಪೈಪಿಗೆ ಬಿಡೋ ಐಡಿಯಾ ಯಾರಾದ್ರೂ ಕೊಟ್ರೆ ಕೈಮುಗಿದು ಕಳಿಸಿ. ಒಳಗೆ ಹೋದ ಕೊಳೆ ವಾಪಸ್ ತೆಗೆಯೋಕೆ ಯಾರಿಂದಲೂ ಆಗಲ್ಲ.

ಅಡ್ಮಿನ್, 2ನೇ ಕ್ರಾಸ್:
ಇಷ್ಟೆಲ್ಲ ಮಾಡಿದ್ರೂ ಎಷ್ಟು ನೀರು ತಪ್ಪುತ್ತೆ?

ಮನೆ 31:
15 ಮನೆ ಒಪ್ಪಿದ್ರೆ 30 ಸಾವಿರ, ಪಾರ್ಕಲ್ಲಿ 50 ಸಾವಿರ. ಒಟ್ಟು ನೀರಲ್ಲಿ ಮೂರನೇ ಒಂದು ಭಾಗ. ಅದಕ್ಕಿಂತ ಜಾಸ್ತಿ ಅಂತ ನಾನು ಹೇಳಲ್ಲ. ಮೋರಿ ಬಿಡಿಸಿದ್ರೆ ಉಳಿದದ್ದಕ್ಕೆ ಈಗಿರೋ ಚರಂಡಿ ಸಾಲಬಹುದು. ಸಾಲದಿದ್ರೆ ಆಗ ಅಳತೆ ಹಿಡಿದು ದೊಡ್ಡದು ಕೇಳೋಣ. ಆಮೇಲೆ, ಫುಟ್‌ಪಾತಿಗೆ ಇಂಟರ್‌ಲಾಕ್ ಕಲ್ಲು ಅಂತ ಎಸ್ಟಿಮೇಟಲ್ಲಿ ಇದ್ರೆ ಕೆಳಗೆ ಏನು ಹಾಕ್ತಾರೆ ಕೇಳಿ. ಕಾಂಕ್ರೀಟ್ ಬೆಡ್ ಮೇಲೆ ಕೂರಿಸಿದ್ರೆ ಒಂದು ಹನಿ ಇಂಗಲ್ಲ.

ಮನೆ 12:
ಪಾರ್ಕ್ ಗೋಡೆ ಮುಟ್ಟೋಕೆ ಅನುಮತಿ ಬೇಕು. 1985ರ ಉದ್ಯಾನ ಕಾಯ್ದೆ ಇದೆ, ನಾವೇ ಒಡೆದ್ರೆ ಕೇಸು. ಅನುಮೋದಿತ ನಕ್ಷೆ ಪ್ರತಿ ಮಾಹಿತಿ ಹಕ್ಕಲ್ಲಿ ಕೇಳ್ತೀನಿ, 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಕೊಡ್ಬೇಕು. ಜೊತೆಗೆ ಗ್ರಾಮ ನಕಾಶೆಯಲ್ಲಿ ಹಳೇ ಹಳ್ಳ ಎಲ್ಲಿ ಹೋಗಿತ್ತು ನೋಡೋಣ. ಸರ್ವೆ ನಂಬರ್ ಸರ್ಕಾರದ ದಿಶಾಂಕ್ ಆ್ಯಪಲ್ಲಿ ಸಿಗುತ್ತೆ. ಹಳ್ಳದ ಜಾಗ ಬ ಖರಾಬು (ಸಾರ್ವಜನಿಕ ಬಳಕೆಗೆ ಮೀಸಲಾದ ಸರ್ಕಾರಿ ಜಾಗ) ಆಗಿದ್ರೆ ಅಲ್ಲಿ ಯಾರೂ ಸೈಟು ಮಾಡಿ ಮಾರೋ ಹಾಗಿಲ್ಲ.

ಅಡ್ಮಿನ್, 2ನೇ ಕ್ರಾಸ್:
ಸೋಮವಾರದ ಮನವಿ ತಿದ್ದಿದೆ: ಪೈಪ್ ಎತ್ತೋದು, ಜಾಲರಿ, ಪಾರ್ಕ್ ಕಿಂಡಿಗೆ ಅನುಮತಿ. ಬಾಕ್ಸ್ ಚರಂಡಿ ಸದ್ಯಕ್ಕೆ ಕೈಬಿಟ್ಟಿದ್ದೀವಿ. ಜಾಲರಿ ಕಸಕ್ಕೆ ಕ್ರಾಸಿಗೊಬ್ಬರು ಹೆಸರು ಕೊಡಿ. ಭಾನುವಾರ 7 ಗಂಟೆಗೆ ಪಾರ್ಕ್ ಮೂಲೆಯಲ್ಲಿ ಗುಂಡಿ ಪರೀಕ್ಷೆ. ಹಾರೆ, ನಾಲ್ಕು ಬಕೆಟ್, ಟೇಪ್ ಬೇಕು.

ಮೂಲೆ ಮನೆ, 4ನೇ ಕ್ರಾಸ್:
ಹಾರೆ ನಮ್ಮಲ್ಲಿದೆ. ಆದ್ರೆ ಆ ಮೂಲೆಯಲ್ಲಿ ಒಂದಡಿ ಕೆಳಗೆ ಬರೀ ಇಟ್ಟಿಗೆ ಚೂರು, ಮನೆ ಕೆಡವಿದ ಮಣ್ಣು ಸುರಿದಿದ್ದಾರೆ.

ಮನೆ 7:
ಹಾಗಿದ್ರೆ ಅಲ್ಲಿ ತೋಡಬೇಡಿ ಅಕ್ಕ. ತುಂಬಿದ ಮಣ್ಣಲ್ಲಿ ನೀರು ಸಂದಿಗೆ ಇಳಿದು ಸುಳ್ಳು ಲೆಕ್ಕ ಕೊಡುತ್ತೆ. ಹೊಂಗೆ ಮರದಿಂದ ಹತ್ತು ಅಡಿ ಈಚೆ, ಬೆಂಚಿನ ಹಿಂದೆ ತೋಡೋಣ. ಪಿಕಾಸಿ ನಾನು ತರ್ತೀನಿ.